ಒಂಬತ್ತು ವರ್ಷದ ಮೇಲೆ ಮತ್ತೆ ಸಾವಿರ ಗಜಕ್ಕೆ: ಎಲ್ಲಿಂದ ಶುರು ಮಾಡೋದು?

ಹೋದ ವರ್ಷ ಮಾರ್ಚಿನಲ್ಲಿ ಅಟ್ಟದ ಮೇಲಿಂದ ಹಳೇ ಶೂಟಿಂಗ್ ಜಾಕೆಟ್ ಇಳಿಸಿ ಹಾಕಿಕೊಂಡು ನೋಡಿದೆ. ಕೆಳಗಿನ ಎರಡು ಬಕಲ್ ಸೇರಲೇ ಇಲ್ಲ. "ಇಷ್ಟು ವರ್ಷ ಮೂಲೇಲಿ ಬಿದ್ದಿತ್ತಲ್ಲ, ಚರ್ಮ ಕುಗ್ಗಿರಬೇಕು ಬಿಡಿ" ಅಂದಳು ಹೆಂಡತಿ, ಒಂಚೂರೂ ನಗದೆ.

ನಿಮಗೂ ಹೀಗೇ ಆಗಿದ್ದರೆ ಈ ಬರಹ ನಿಮಗೆ. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಸಹೋದ್ಯೋಗಿ ಯಾರೋ ಕರೆದುಕೊಂಡು ಹೋಗಿ ರುಚಿ ಹತ್ತಿಸಿದರು, ನಾಲ್ಕೈದು ವರ್ಷ ಹುಚ್ಚು ಹಿಡಿದವರ ಹಾಗೆ ಗುಂಡು ಹೊಡೆದಿರಿ, ಆಮೇಲೆ ಮಗು, ಮನೆ ಸಾಲ, ಸೊಂಟ ನೋವು ಅಂತ ಬಿಟ್ಟಿರಿ. ನನ್ನ ಕತೆಯೂ ಇಷ್ಟೇ. ಊರಲ್ಲಿ ಎನ್‌ಸಿಸಿಯಲ್ಲಿ 25 ಮೀಟರ್‌ಗೆ .22 ಹೊಡೆದಿದ್ದು ಬಿಟ್ಟರೆ ನನಗೆ ರೈಫಲ್ ಗೊತ್ತಾಗಿದ್ದೇ ಇಲ್ಲಿ, ಸರ‍್ರೆಯ ಬಿಸ್ಲಿಯ ಶೂಟಿಂಗ್ ರೇಂಜಿನಲ್ಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಟಾರ್ಗೆಟ್ ರೈಫಲ್ ಅಂದರೆ ನೆಲದ ಮೇಲೆ ಬೋರಲು ಮಲಗಿ, ತೋಳಿಗೆ ರೈಫಲ್ಲಿನ ಪಟ್ಟಿ (ಸ್ಲಿಂಗ್) ಬಿಗಿದು, ದುರ್ಬೀನು ಇಲ್ಲದ ರೈಫಲ್‌ನಿಂದ 300ರಿಂದ 1,000 ಗಜ ದೂರದ ಗುರಿಗೆ ಹೊಡೆಯುವುದು. ಹಿಂದೆ ಒಂದು ಸಣ್ಣ ತೂತು, ಮುಂದೆ ಒಂದು ಬಳೆ, ಅಷ್ಟೇ ಸೈಟು. ತೋಟೆ ಸಾಮಾನ್ಯವಾಗಿ .308, ಗುಂಡಿನ ತೂಕ 155 ಗ್ರೇನ್, ಅಂದರೆ ಸುಮಾರು 10 ಗ್ರಾಂ. ಸಾವಿರ ಗಜದಲ್ಲಿ ಬುಲ್ಲಿನ, ಅಂದರೆ ಗುರಿಯ ನಡುವಿನ ವೃತ್ತದ, ಅಗಲ ಹೆಚ್ಚೂಕಡಿಮೆ ಎರಡು ಅಡಿ. ಗುಂಡು ಅಲ್ಲಿಗೆ ತಲುಪೋಕೆ ಒಂದೂವರೆ ಸೆಕೆಂಡು. ಆ ಒಂದೂವರೆ ಸೆಕೆಂಡಿನಲ್ಲಿ ಗಾಳಿ ಏನು ಮಾಡುತ್ತದೆ ಅನ್ನೋದೇ ಆಟ.

ಕಾಗದಪತ್ರ ಮೊದಲು

ಬೇಜಾರಿನ ಕೆಲಸ, ಅದಕ್ಕೇ ಮೊದಲು ಮುಗಿಸಿ. ಇಲ್ಲಿ ರೈಫಲ್ ಇಟ್ಟುಕೊಳ್ಳಲು ಪೊಲೀಸರು ಕೊಡುವ ಫೈರ್‌ಆರ್ಮ್ ಸರ್ಟಿಫಿಕೇಟ್ ಬೇಕು, ಅದು ಐದು ವರ್ಷಕ್ಕೆ. ನಿಮ್ಮದು ಮುಗಿದು ಹೋಗಿದ್ದರೆ ಹೊಸಬರ ಹಾಗೇ ಅರ್ಜಿ ಹಾಕಬೇಕು: ಇಬ್ಬರು ಪರಿಚಯಸ್ಥರ ಹೇಳಿಕೆ, ಜಿಪಿ (ಇಲ್ಲಿನ ಕುಟುಂಬ ವೈದ್ಯರು) ಕಡೆಯಿಂದ ಆರೋಗ್ಯದ ಮಾಹಿತಿ, ಗೋಡೆಗೆ ಬೋಲ್ಟ್ ಮಾಡಿದ ಕಬ್ಬಿಣದ ಕಪಾಟು, ಅದನ್ನು ನೋಡೋಕೆ ಮನೆಗೆ ಬರುವ ಅಧಿಕಾರಿ. ಜಿಪಿಯ ಕಾಗದ ಕಡ್ಡಾಯ ಆಗಿದ್ದು 2021ರ ನವೆಂಬರ್‌ನಿಂದ. ಅದಕ್ಕೂ ಮುಂಚೆ ಬಿಟ್ಟವರಿಗೆ ಇದು ಹೊಸದು. ನನ್ನ ವಿಷಯದಲ್ಲಿ ಜಾಸ್ತಿ ತಡ ಆಗಿದ್ದೇ ಇಲ್ಲಿ. ಹಾಗಾಗಿ ಉಳಿದಿದ್ದಕ್ಕೆ ಕೈ ಹಾಕುವ ಮುಂಚೆ ಡಾಕ್ಟರ ಕಾಗದಕ್ಕೆ ಕೇಳಿ ಇಡಿ.

ರೈಫಲ್ ಇನ್ನೂ ನಿಮ್ಮ ಹತ್ತಿರವೇ ಇದ್ದು ಸರ್ಟಿಫಿಕೇಟ್ ಅವಧಿ ಮುಗಿಯುತ್ತಾ ಬಂದಿದ್ದರೆ, ಅದನ್ನು ನೋಂದಾಯಿತ ಡೀಲರ್ ಹತ್ತಿರ ಇಟ್ಟುಬಿಡಿ. ಮುಗಿದ ಮೇಲೆ ಒಂದು ದಿನ ಮನೆಯಲ್ಲಿದ್ದರೂ ಅಪರಾಧವೇ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ನಮ್ಮ ಕಡೆಯ ಗೆಳೆಯನೊಬ್ಬ ಇಲ್ಲಿ ಮನೆಗೆ ಬಂದ ಅಧಿಕಾರಿಗೆ ಅದನ್ನು ಹೆಮ್ಮೆಯಿಂದ ವಿವರಿಸಿದ. ಆ ಮನುಷ್ಯ ಪೂರ್ತಿ ಕೇಳಿಸಿಕೊಂಡು, ಚಹಾ ಕುಡಿದು, "ಈಗ ಕಪಾಟು ತೋರಿಸ್ತೀರಾ?" ಅಂದನಂತೆ.

ಒಳ್ಳೇ ಸುದ್ದಿ ಏನಪ್ಪಾ ಅಂದರೆ, ಸರ್ಟಿಫಿಕೇಟ್ ಬರೋವರೆಗೆ ಸುಮ್ನೆ ಕೂರಬೇಕಾಗಿಲ್ಲ. ಹೋಂ ಆಫೀಸ್ (ಇಲ್ಲಿನ ಗೃಹ ಇಲಾಖೆ) ಅನುಮೋದನೆ ಇರುವ ಕ್ಲಬ್ಬಿಗೆ ಸೇರಿದರೆ ಕ್ಲಬ್ಬಿನ ರೈಫಲ್‌ನಲ್ಲಿ ಕ್ಲಬ್ಬಿನ ದಿನಗಳಂದು ಹೊಡೆಯಬಹುದು. ಹೊಸ ಸದಸ್ಯರಿಗೆ ಕನಿಷ್ಠ ಮೂರು ತಿಂಗಳ ಪ್ರೊಬೇಷನ್ ಇರುತ್ತದೆ. ಬಿಸ್ಲಿಯಲ್ಲಿ ಯಾರ ಮೇಲ್ವಿಚಾರಣೆಯೂ ಇಲ್ಲದೆ ನೀವೇ ಹೊಡೆಯಬೇಕು ಅಂದರೆ ಶೂಟರ್ ಸರ್ಟಿಫಿಕೇಷನ್ ಕಾರ್ಡ್ ಬೇರೆ ಬೇಕು. ಹಳೇದು ಪರ್ಸಿನಲ್ಲಿ ಇದೆ ಅಂತ ನಂಬಿ ಗೇಟಿನವರೆಗೆ ಹೋಗಬೇಡಿ. ನಾನು ಹೋಗಿದ್ದೆ.

ರೈಫಲ್ ಈಗಲೇ ಬೇಡ

ವಾಪಸ್ ಬರುವವರು ಎಲ್ಲರೂ ಮಾಡುವ ತಪ್ಪು ಒಂದೇ. ಬಿಟ್ಟಾಗ 30ರ ಹುಡುಗ, ಕೈಯಲ್ಲಿ ದುಡ್ಡಿರಲಿಲ್ಲ. ಈಗ 42, ದುಡ್ಡಿದೆ, ಸಮಯ ಇಲ್ಲ. ಹಾಗಾಗಿ ಸಮಯದ ಜಾಗಕ್ಕೆ ದುಡ್ಡು ಸುರಿಯೋದು.

1860ರಲ್ಲಿ ಇಲ್ಲಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ ವಿಂಬಲ್ಡನ್‌ನಲ್ಲಿ ಮೊದಲ ಕೂಟ ನಡೆಸಿದಾಗ ಮೊದಲ ಗುಂಡು ಹಾರಿಸಿದ್ದು ವಿಕ್ಟೋರಿಯಾ ರಾಣಿ. ರಾಣಿ ಹೊಡೆದ ಗುಂಡು ಬುಲ್ಲಿಗೇ ಬಿತ್ತು. ರೈಫಲ್ಲನ್ನು ಮೊದಲೇ ಸ್ಟ್ಯಾಂಡಿಗೆ ಬಿಗಿದು ಗುರಿಗೆ ಹೊಂದಿಸಿ ಇಟ್ಟಿದ್ದರು, ರಾಣಿ ದಾರ ಎಳೆದರು ಅಷ್ಟೇ. 160 ವರ್ಷದ ಹಿಂದಿನ ರೈಫಲ್ಲೇ ಅಲುಗಾಡದೆ ಹಿಡಿದರೆ ಹೊಡೆಯುತ್ತಿತ್ತು. ಇವತ್ತು ಕ್ಲಬ್ಬಿನ ಮೂಲೆಯಲ್ಲಿ ನಿಂತಿರೋದು ಅದಕ್ಕಿಂತ ಎಷ್ಟೋ ಮೇಲು. ಅಲುಗಾಡೋದು ನೀವು.

ಆರು ತಿಂಗಳಾದರೂ ಕ್ಲಬ್ ರೈಫಲ್ ಬಳಸಿ. ಆಮೇಲೆ ಸೆಕೆಂಡ್ ಹ್ಯಾಂಡ್ ನೋಡಿ. ಬಾರ್ನಾರ್ಡ್, ಆರ್‌ಪಿಎ, ಮಸ್‌ಗ್ರೇವ್ ಆಕ್ಷನ್ (ತೋಟೆ ತುಂಬಿ ಹಾರಿಸುವ ಯಂತ್ರಭಾಗ) ಇರುವ ಒಳ್ಳೊಳ್ಳೇ ರೈಫಲ್‌ಗಳು ವಯಸ್ಸಾಗಿ ಆಟ ಬಿಡುವವರಿಂದ ಬರುತ್ತಲೇ ಇರುತ್ತವೆ. ಕೇಳಬೇಕಾದ ಮೊದಲ ಪ್ರಶ್ನೆ ಬೆಲೆ ಅಲ್ಲ, "ಈ ಬ್ಯಾರಲ್ಲಿನಲ್ಲಿ ಎಷ್ಟು ಗುಂಡು ಹೋಗಿದೆ?" .308 ಬ್ಯಾರಲ್ ಕೆಲವು ಸಾವಿರ ಗುಂಡು ಚೆನ್ನಾಗಿ ತಾಳುತ್ತದೆ, ಆಮೇಲೆ ಗಂಟಲು (ಬ್ಯಾರಲ್ಲಿನಲ್ಲಿ ಗುಂಡು ಹೊರಡುವ ಕಡೆಯ ಒಳಭಾಗ) ಸವೆದು ದೂರದಲ್ಲಿ ಗುಂಡುಗಳು ಚೆದುರೋಕೆ ಶುರು. ಲೆಕ್ಕ ಬರೆದಿಟ್ಟ ಮಾಲೀಕ ಸಿಕ್ಕರೆ ಎರಡು ಕಾಸು ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಲೆಕ್ಕ ಇಲ್ಲ ಅಂದರೆ ಹೊಸ ಬ್ಯಾರಲ್ಲಿನ ಖರ್ಚು ಸೇರಿಸಿಕೊಂಡು ಚೌಕಾಸಿ ಮಾಡಿ.

ತೋಟೆ ನೀವೇ ತುಂಬಿಕೊಳ್ಳುವ ಕೆಲಸವೂ ಈಗ ಬೇಡ. ಕಾರ್ಖಾನೆಯ 155 ಗ್ರೇನ್ ಮ್ಯಾಚ್ ತೋಟೆ ಸಾಕು. ಗುಂಡು ಪಕ್ಕಕ್ಕೆ ಹೋದಾಗ ಮದ್ದಿನ ತಪ್ಪೋ ಗಾಳಿಯ ತಪ್ಪೋ ನನ್ನ ತಪ್ಪೋ ಅಂತ ಮೂರು ಅನುಮಾನ ಇಟ್ಟುಕೊಂಡು ಕೂತರೆ ಏನೂ ಕಲಿಯೋಕಾಗಲ್ಲ.

ಕಣ್ಣು

40 ದಾಟಿದವರು ಇದನ್ನು ಎರಡು ಸಲ ಓದಿ. ಬಿಟ್ಟಾಗ ಮುಂದಿನ ಬಳೆಯೂ ದೂರದ ಕಪ್ಪು ಚುಕ್ಕೆಯೂ ಎರಡೂ ಚೂಪಾಗಿ ಕಾಣುತ್ತಿದ್ದವು. ಈಗ ಎರಡರಲ್ಲಿ ಒಂದು ಮಸುಕು. ಆಯ್ಕೆ ಮಾಡಬೇಕಾಗಿ ಬಂದರೆ ಬಳೆ ಚೂಪಾಗಿರಲಿ, ಚುಕ್ಕೆ ಸ್ವಲ್ಪ ಮಬ್ಬಾದರೆ ನಡೆಯುತ್ತದೆ. ಮಬ್ಬಾದ ಚುಕ್ಕೆಯನ್ನೂ ಬಳೆಯ ನಡುವಿಗೆ ತರಬಹುದು. ಬಳೆಯೇ ಮಬ್ಬಾದರೆ ನಡು ಯಾವುದು ಅಂತ ಗೊತ್ತಾಗುವುದಿಲ್ಲ.

ಪ್ರೋಗ್ರೆಸಿವ್ ಕನ್ನಡಕ ಹಾಕಿಕೊಂಡು ಮಲಗಬೇಡಿ. ಬೋರಲು ಮಲಗಿದಾಗ ನೀವು ನೋಡೋದು ಗಾಜಿನ ನಡುವಿನಿಂದ ಅಲ್ಲ, ಮೇಲ್ಗಡೆ ಮೂಗಿನ ಪಕ್ಕದ ಮೂಲೆಯಿಂದ. ಅಲ್ಲಿ ನಂಬರು ಏನಿರುತ್ತೋ ದೇವರಿಗೇ ಗೊತ್ತು. ಕಣ್ಣಿನ ಪರೀಕ್ಷೆಗೆ ಹೋದಾಗ ಹೀಗೆ ಅಂತ ಹೇಳಿ, ದೂರದ ನಂಬರಿಗೆ +0.5ರಷ್ಟು ಸೇರಿಸಿದ ಒಂದೇ ಗಾಜು ಹಾಕಿ ನೋಡಿ. ಬಹಳ ಜನಕ್ಕೆ ಅದು ಹೊಂದುತ್ತದೆ. ಹಿಂದಿನ ಸೈಟಿನ ಐರಿಸ್ಸಿನ ತೂತು ಕಿರಿದು ಮಾಡಿದರೂ ಚೂಪು ಜಾಸ್ತಿಯಾಗುತ್ತದೆ, ಆದರೆ ಮೋಡದ ದಿನ ಕತ್ತಲೆ ಕವಿದ ಹಾಗೆ ಆಗುತ್ತದೆ. ಇಂಗ್ಲೆಂಡಿನಲ್ಲಿ ಮೋಡ ಇಲ್ಲದ ದಿನ ಯಾವುದು, ಅಲ್ವಾ?

ಮುಂದಿನ ಬಳೆಯನ್ನು ಹಿಂದೆ ಬಳಸುತ್ತಿದ್ದದ್ದಕ್ಕಿಂತ ದೊಡ್ಡದು ಹಾಕಿ. ಚುಕ್ಕೆಯ ಸುತ್ತ ಬಿಳಿ ಚೆನ್ನಾಗಿ ಕಾಣಬೇಕು. ಬಿಗಿ ಬಳೆ ಹಾಕಿದರೆ ಚುಕ್ಕೆ ಒಂಚೂರು ಅಲುಗಿದರೂ ಗಾಬರಿಯಾಗಿ ಟ್ರಿಗರ್ ಕಿತ್ತುಬಿಡುತ್ತೀರಿ.

ಮೈ

ಸಾವಿರ ಗಜದ ಒಂದು ಸುತ್ತು ಅಂದರೆ ಎರಡು ಸೈಟರ್ (ಪರೀಕ್ಷೆಯ ಗುಂಡು), ಆಮೇಲೆ ಲೆಕ್ಕಕ್ಕೆ 10 ಅಥವಾ 15 ಗುಂಡು. ಒಂದೇ ಟಾರ್ಗೆಟ್ಟಿಗೆ ಇಬ್ಬರು ಮೂವರು ಸರದಿಯಲ್ಲಿ ಹೊಡೆಯುವುದರಿಂದ ಅರ್ಧ ಗಂಟೆ ಮೇಲ್ಪಟ್ಟು ಮಲಗೇ ಇರಬೇಕು. ಕತ್ತು ಮೊದಲು ಕೈಕೊಡುತ್ತದೆ, ಆಮೇಲೆ ಎಡ ಮೊಣಕೈ.

ಮನೆಯಲ್ಲಿ ದಿನಾ ಹದಿನೈದು ನಿಮಿಷ ಮಲಗಿ. ರೈಫಲ್ ಇಲ್ಲದಿದ್ದರೂ ಸ್ಲಿಂಗ್ ಕಟ್ಟಿ, ಒಂದು ಕೋಲು ಹಿಡಿದು ಕತ್ತೆತ್ತಿ ಇರೋದು ಅಭ್ಯಾಸ ಮಾಡಿ. ಮಕ್ಕಳು ನಗುತ್ತಾರೆ, ನಗಲಿ. ರೈಫಲ್ ಬಂದ ಮೇಲೆ ಖಾಲಿ ಟ್ರಿಗರ್ ಒತ್ತುವ ಅಭ್ಯಾಸಕ್ಕೆ ಬನ್ನಿ. ಚೇಂಬರ್ ಖಾಲಿ ಇದೆ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ. ತೋಟೆ ಬೇರೆ ಕೋಣೆಯಲ್ಲಿ ಬೀಗದಲ್ಲಿ ಇರಬೇಕು.

ಒಂದು ಪರೀಕ್ಷೆ ಇದೆ, ಹಳಬರಿಗೆ ಗೊತ್ತು, ಆದರೂ ಮರೆತಿರುತ್ತೀರಿ. ಗುರಿ ಹಿಡಿದು ಕಣ್ಣು ಮುಚ್ಚಿ. ಎರಡು ಸಲ ಉಸಿರು ಬಿಡಿ. ಕಣ್ಣು ತೆರೆದಾಗ ಬಳೆ ಎಲ್ಲಿದೆ? ಚುಕ್ಕೆಯ ಬಲಕ್ಕಿದ್ದರೆ ಕೈಯಿಂದ ಎಡಕ್ಕೆ ತಳ್ಳಬೇಡಿ. ಎಡ ಮೊಣಕೈ ಊರಿಕೊಂಡೇ ಇರಲಿ, ಸೊಂಟವನ್ನು ಒಂಚೂರು ಬಲಕ್ಕೆ ಸರಿಸಿ. ಮೊಣಕೈ ಒಂದು ಮೊಳೆ, ಮೈ ಅದರ ಸುತ್ತ ತಿರುಗುವ ಮರದ ಪಟ್ಟಿ ಅಂದುಕೊಳ್ಳಿ. ಕೈಯಿಂದ ತಳ್ಳಿ ಹಿಡಿದ ಗುರಿ, ಗುಂಡು ಹಾರುವ ಹೊತ್ತಿಗೆ ತನ್ನ ಜಾಗಕ್ಕೆ ವಾಪಸ್ ಹೋಗಿರುತ್ತದೆ.

ಜಾಕೆಟ್ಟಿನ ವಿಷಯ: ಬಕಲ್ ಪಟ್ಟಿ ಉದ್ದ ಮಾಡಿಸಿದೆ. ಹೊಲಿದುಕೊಟ್ಟವನು ಕುದುರೆ ಜೀನು ರಿಪೇರಿ ಮಾಡುವವನು. ಸೊಗಸಾಗಿ ಮಾಡಿಕೊಟ್ಟ.

ಇವೆಲ್ಲ ಮಾಡಿದರೂ ಕತ್ತು, ಬೆನ್ನು ಒಪ್ಪಲಿಲ್ಲ ಅಂದರೆ ಎಫ್ ಕ್ಲಾಸ್ ಇದೆ. ಕೆನಡಾದ ಜಾರ್ಜ್ ಫಾರ್ಕರ್ಸನ್ ಅನ್ನುವವರು ವಯಸ್ಸಾದ ಶೂಟರ್‌ಗಳು ಆಟ ಬಿಡಬಾರದು ಅಂತ ಶುರು ಮಾಡಿದ್ದು, ಎಫ್ ಅಂದರೆ ಅವರ ಹೆಸರೇ. ದುರ್ಬೀನು ಇಟ್ಟುಕೊಳ್ಳಬಹುದು, ರೈಫಲ್ ಮುಂದಕ್ಕೆ ಬೈಪಾಡ್ (ಎರಡು ಕಾಲಿನ ಆಸರೆ) ಅಥವಾ ರೆಸ್ಟ್ ಹಾಕಬಹುದು. ಆದರೆ ಬುಲ್ ಚಿಕ್ಕದು. ಸುಲಭ ಅಂತ ಹೋದವರು ಗಾಳಿಗೆ ಸಿಕ್ಕಿ ಒದ್ದಾಡಿದ್ದು ನೋಡಿದ್ದೀನಿ.

300 ಗಜದಿಂದ ಹತ್ತಿ

ನನ್ನ ಮಾನ ಹೋದ ಕತೆ ಇಲ್ಲೇ ಹೇಳಿಬಿಡ್ತೀನಿ.

ವಾಪಸ್ ಬಂದು ಎರಡನೇ ವಾರಕ್ಕೇ ಬಿಸ್ಲಿಯ ಸ್ಟಿಕಲ್‌ಡೌನ್ ರೇಂಜಿಗೆ, ಸಾವಿರ ಗಜಕ್ಕೆ ಹೋದೆ. ಹಳೇ ನೋಟ್‌ಬುಕ್ ತೆಗೆದೆ, ಸೈಟಿನ ಎತ್ತರದ ಅಂಕಿ ಇತ್ತು, ಅದೇ ಹಾಕಿದೆ. ಎಡದಿಂದ ಗಾಳಿ, ನಾಲ್ಕು ಮಿನಿಟ್ (ಹೊತ್ತಲ್ಲ, ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು) ಅಂತ ಅಂದಾಜು ಮಾಡಿ ತಿರುಗಿಸಿದೆ. ಹೊಡೆದೆ. ನನ್ನ ಟಾರ್ಗೆಟ್ ಹಾಗೇ ನಿಂತಿತ್ತು. ಗುಂಡು ಬಿದ್ದರೆ ಟಾರ್ಗೆಟ್ ಕೆಳಗಿಳಿಸಿ, ತೂತಿಗೆ ಬಿಲ್ಲೆ ಸಿಕ್ಕಿಸಿ ಮೇಲೆತ್ತುತ್ತಾರೆ. ನನ್ನದು ಕೆಳಗಿಳಿಯಲಿಲ್ಲ. ಬಲಗಡೆಯ ಟಾರ್ಗೆಟ್ ಮೆಲ್ಲಗೆ ಕೆಳಗಿಳಿಯಿತು, ಮೇಲೆ ಬಂತು, ಎಡ ಅಂಚಿನಲ್ಲಿ ಗುರುತಿನ ಬಿಲ್ಲೆ. ಅಲ್ಲಿ ಮಲಗಿದ್ದ ವಯಸ್ಸಾದ ಹೆಂಗಸು ಇನ್ನೂ ತೋಟೆಯನ್ನೇ ಹಾಕಿರಲಿಲ್ಲ. ತಿರುಗಿ ನನ್ನನ್ನು ನೋಡಿ, "ಥ್ಯಾಂಕ್ಸ್, ಆದರೆ ನಾನಿನ್ನೂ ರೆಡಿ ಆಗಿಲ್ಲ" ಅಂದರು.

ಆಗಿದ್ದು ಇಷ್ಟೇ. ನನ್ನ ಹಳೇ ರೈಫಲ್ಲಿನಲ್ಲಿ ಸೈಟು ಸರಿಸುವ ತಿರುಪು ಒಂದು ದಿಕ್ಕು, ಕ್ಲಬ್ ರೈಫಲ್ಲಿನದು ಇನ್ನೊಂದು ದಿಕ್ಕು. ನಾಲ್ಕು ಮಿನಿಟ್ ಎಡಕ್ಕೆ ಹೋಗಬೇಕಾದ್ದು ನಾಲ್ಕು ಬಲಕ್ಕೆ ಹೋಯಿತು. ಒಟ್ಟು ಎಂಟು ಮಿನಿಟ್ ತಪ್ಪು. ಸಾವಿರ ಗಜದಲ್ಲಿ ಒಂದು ಮಿನಿಟ್ ಅಂದರೆ ಸುಮಾರು ಹತ್ತೂವರೆ ಇಂಚು, ಎಂಟಕ್ಕೆ ಏಳು ಅಡಿ. ಪಕ್ಕದ ಮನೆಗೆ ಹೋಗೋಕೆ ಅಷ್ಟು ಸಾಕು.

ಹಾಗಾಗಿ ಬಿಸ್ಲಿಯದೇ ಸೆಂಚುರಿ ರೇಂಜಿನಲ್ಲಿ 300ರಿಂದ ಶುರು ಮಾಡಿ. ಮೊದಲು ಒಂದು ಗುಂಡು ಹೊಡೆದು, ತಿರುಪು ನಾಲ್ಕು ಮಿನಿಟ್ ತಿರುಗಿಸಿ ಇನ್ನೊಂದು ಹೊಡೆದು, ಯಾವ ಕಡೆ ಹೋಯಿತು ಅಂತ ಕಣ್ಣಾರೆ ನೋಡಿ. ಬಾಣದ ಗುರುತಿನ ಸ್ಟಿಕರ್ ಹಚ್ಚಿ. 300ರ ಅಂಕಿ ಗಟ್ಟಿಯಾದ ಮೇಲೆ 500, 600. ಆಮೇಲೆ 900, 1,000. 155 ಗ್ರೇನ್ ಗುಂಡಿಗೆ 300ರಿಂದ 1,000ಕ್ಕೆ ಹೋಗೋಕೆ ಸುಮಾರು 25 ಮಿನಿಟ್ ಏರಿಸಬೇಕಾಗುತ್ತದೆ, 900ರಿಂದ 1,000ಕ್ಕೆ ನಾಲ್ಕೈದು. ಇದು ಮೊದಲ ಸೈಟರ್ ಕಾಗದದ ಮೇಲೆ ಬೀಳೋಕೆ ಸಾಕಾಗುವ ಅಂದಾಜು ಅಷ್ಟೇ. ನಿಮ್ಮ ಅಂಕಿ ನೀವೇ ಬರೆದುಕೊಳ್ಳಬೇಕು. ಹಳೇ ನೋಟ್‌ಬುಕ್ಕಿನ ಅಂಕಿಗಳು ಹಳೇ ಬ್ಯಾರಲ್ಲಿಗೆ, ಹಳೇ ತೋಟೆಗೆ, ಹಳೇ ಕಣ್ಣಿಗೆ ಸೇರಿದ್ದು. ಆ ಪುಸ್ತಕ ಎಸೆಯಬೇಡಿ, ಮುಂದೆ ಬೇರೆ ಕೆಲಸಕ್ಕೆ ಬರುತ್ತದೆ.

ಗಾಳಿ

ಗಂಟೆಗೆ 10 ಮೈಲಿ ಅಡ್ಡಗಾಳಿ ಸಾವಿರ ಗಜದಲ್ಲಿ ಈ ಗುಂಡನ್ನು ಏಳೆಂಟು ಅಡಿ ಪಕ್ಕಕ್ಕೆ ಒಯ್ಯುತ್ತದೆ. ಬುಲ್ ಎರಡು ಅಡಿ. ಅಂದರೆ ನಡುವಿಗೆ ಹಿಡಿದರೂ ಗಾಳಿಯ ಅಂದಾಜು ಒಂದೂವರೆ ಮೈಲಿ ತಪ್ಪಿದರೆ ಬುಲ್ ಹೊರಗೆ. ರೈಫಲ್ ಹಿಡಿಯೋದು ಎರಡು ತಿಂಗಳಲ್ಲಿ ವಾಪಸ್ ಬರುತ್ತದೆ. ಗಾಳಿ ಓದೋದು ಬರೋಕೆ ಒಂದು ವರ್ಷ ಪೂರ್ತಿ ಬೇಕಾಯಿತು ನನಗೆ.

ಚಿಕ್ಕಂದಿನಲ್ಲಿ ಕಣದಲ್ಲಿ ಅಜ್ಜ ಭತ್ತ ತೂರುವುದನ್ನು ನೋಡಿದ್ದೆ. ಮೊರ ತುಂಬಿ ತಲೆ ಮೇಲೆ ಎತ್ತಿ ಹಿಡಿದು ಸುಮ್ಮನೆ ನಿಂತಿರೋರು. ಗಾಳಿ ಬಂತು ಅಂತ ನಾನು ಕೂಗಿದರೂ ಸುರಿಯುತ್ತಿರಲಿಲ್ಲ. ಅವರಿಗೆ ಬೇಕಾದ ಗಾಳಿ, ಜೊಳ್ಳು ಹಾರಿ ಕಾಳು ಕಾಲ ಬುಡಕ್ಕೇ ಬೀಳುವ ಗಾಳಿ, ಅದು ಬಂದಾಗ ಮಾತ್ರ ಮೊರ ಓರೆ ಆಗೋದು. ಗಾಳಿ ಬಂದಾಗ ತೂರಿಕೋ ಅನ್ನೋ ಗಾದೆ ಎಲ್ಲರಿಗೂ ಗೊತ್ತು, ಯಾವ ಗಾಳಿ ಅಂತ ಗಾದೆ ಹೇಳಲ್ಲ.

ಸಾವಿರ ಗಜದಲ್ಲೂ ಮಾಡಬೇಕಾದ್ದು ಅದೇ. ಮಲಗುವ ಮುಂಚೆ ಹತ್ತು ನಿಮಿಷ ಸುಮ್ಮನೆ ಬಾವುಟಗಳನ್ನು ನೋಡಿ. ಅತಿ ಜೋರಿದ್ದಾಗ ಎಷ್ಟು, ಅತಿ ಮೆಲ್ಲಗಿದ್ದಾಗ ಎಷ್ಟು, ಎರಡರ ನಡುವೆ ಜಾಸ್ತಿ ಹೊತ್ತು ನಿಲ್ಲೋದು ಯಾವುದು? ಆ ನಿಲ್ಲುವ ಗಾಳಿಯನ್ನು ಆರಿಸಿಕೊಂಡು ಅದರಲ್ಲೇ ಹೊಡೆಯಿರಿ. ಸ್ಪರ್ಧೆಯಲ್ಲಿ ಒಂದು ಗುಂಡಿಗೆ 45 ಸೆಕೆಂಡು ಸಿಗುತ್ತದೆ. ಕಾಯೋಕೆ ಅದು ಜಾಸ್ತಿ ಅಲ್ಲ, ಆದರೆ ಬಾವುಟ ಏಳುತ್ತಿರುವಾಗ ಆತುರಕ್ಕೆ ಹೊಡೆಯದೆ ಇರೋಕೆ ಸಾಕು.

ಅಳೆಯೋಕೆ ಒಂದು ಒರಟು ಲೆಕ್ಕ: ಬಾವುಟ ಕಂಬದಿಂದ ಎಷ್ಟು ಡಿಗ್ರಿ ಎದ್ದಿದೆಯೋ ಅದನ್ನು ನಾಲ್ಕರಿಂದ ಭಾಗಿಸಿ, ಗಂಟೆಗೆ ಅಷ್ಟು ಮೈಲಿ. ಮಳೆಯಲ್ಲಿ ನೆನೆದ ಬಾವುಟಕ್ಕೆ ಈ ಲೆಕ್ಕ ನಡೆಯಲ್ಲ, ಅದು ಸೋಮಾರಿ. ಗಾಳಿ ಪೂರ್ತಿ ಅಡ್ಡ ಬರದೆ ಗುಂಡಿನ ದಾರಿಗೆ 30 ಡಿಗ್ರಿ ಓರೆಯಾಗಿ ಬಂದರೆ ಪರಿಣಾಮ ಅರ್ಧ. 45 ಡಿಗ್ರಿಗೆ ಅರ್ಧ ಅಲ್ಲ, ಮುಕ್ಕಾಲಿನ ಹತ್ತಿರ. ಈ ತಪ್ಪು ಎಲ್ಲರೂ ಮಾಡ್ತಾರೆ. ನೇರ ಎದುರಿನಿಂದ ಅಥವಾ ಹಿಂದಿನಿಂದ ಬರುವ ಗಾಳಿ ನೋಡೋಕೆ ಸಾಧು, ಆದರೆ ಬಾಲ ಆಡಿಸುವ ಮೀನಿನ ಹಾಗೆ ಸ್ವಲ್ಪ ಎಡಕ್ಕೆ ಸ್ವಲ್ಪ ಬಲಕ್ಕೆ ಹೊರಳುತ್ತಿರುತ್ತದೆ, ಒಂದು ಸಲ ಎಡಕ್ಕೆ ಸರಿ ಮಾಡಿದರೆ ಮುಂದಿನ ಗುಂಡಿಗೆ ಬಲದಿಂದ ಹೊಡೆತ.

ಬಿಸಿಲಿದ್ದರೆ ಸ್ಪಾಟಿಂಗ್ ಸ್ಕೋಪಿನಲ್ಲಿ ಬಿಸಿಲುಗುದುರೆ ನೋಡಿ. ಬಾವುಟ ಅಲುಗದಷ್ಟು ಸಣ್ಣ ಗಾಳಿಯೂ ಅದರಲ್ಲಿ ಹೊಳೆ ನೀರಿನ ಹಾಗೆ ಹರಿಯೋದು ಕಾಣುತ್ತದೆ. ನೇರ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ, ಅಥವಾ ಈಗ ದಿಕ್ಕು ಬದಲಾಗುತ್ತಿದೆ ಅಂತ ಅರ್ಥ. ಆಗ ಬೆರಳು ಟ್ರಿಗರ್‌ನಿಂದ ದೂರ ಇಡಿ. ಇನ್ನೊಂದು, ಗುರಿಯ ಹತ್ತಿರದ ಬಾವುಟವನ್ನೇ ನೋಡುತ್ತಾ ಕೂರಬೇಡಿ. ನಿಮ್ಮ ಹತ್ತಿರದ ಗಾಳಿ ಗುಂಡಿನ ದಾರಿ ತಿರುಗಿಸಿದರೆ ಆ ತಿರುವು ಉಳಿದ ದೂರಕ್ಕೆಲ್ಲ ಬೆಳೆಯುತ್ತಾ ಹೋಗುತ್ತದೆ.

ಈಗ ನೋಟ್‌ಬುಕ್. ಪ್ರತಿ ಗುಂಡಿಗೆ ಮುಂಚೆ ನಿಮ್ಮ ಅಂದಾಜು ಬರೆಯಿರಿ. ಮುಂಚೆ, ಆಮೇಲೆ ಅಲ್ಲ. ನಾಲ್ಕು ಮಿನಿಟ್ ಎಡ ಅಂತ ಬರೆದು ಹೊಡೆದಿರಿ, ಗುಂಡು ಒಂದು ಮಿನಿಟ್ ಬಲಕ್ಕೆ ಬಿತ್ತು, ಅಂದರೆ ನಿಜವಾದ ಗಾಳಿ ಐದು. ಆ ಐದನ್ನು ಪಕ್ಕದಲ್ಲಿ ಬರೆಯಿರಿ. ಹತ್ತು ಗುಂಡು ಮುಗಿದ ಮೇಲೆ ಎರಡು ಸಾಲು ಅಕ್ಕಪಕ್ಕ ಇರುತ್ತವೆ: ನೀವು ಅಂದುಕೊಂಡ ಗಾಳಿ, ನಿಜವಾಗಿ ಇದ್ದ ಗಾಳಿ. ನನ್ನದು ನೋಡಿದಾಗ ಗೊತ್ತಾಗಿದ್ದು, ಗಾಳಿ ಏರುವಾಗ ನಾನು ಯಾವಾಗಲೂ ಒಂದು ಮಿನಿಟ್ ಕಡಿಮೆ ಕೊಡುತ್ತಿದ್ದೆ. ಹಳೇ ನೋಟ್‌ಬುಕ್ ತೆಗೆದು ನೋಡಿದೆ. ಒಂಬತ್ತು ವರ್ಷದ ಹಿಂದೆಯೂ ಅದೇ ತಪ್ಪು, ಅದೇ ಒಂದು ಮಿನಿಟ್. ಬ್ಯಾರಲ್ ಬದಲಾಗಿತ್ತು, ಕಣ್ಣು ಬದಲಾಗಿತ್ತು, ಹೆದರಿಕೆ ಮಾತ್ರ ಹಾಗೇ ಇತ್ತು. ನಾನು ಹೇಳಿದೆನಲ್ಲ, ಹಳೇ ಪುಸ್ತಕ ಎಸೆಯಬೇಡಿ ಅಂತ.

ರೇಂಜಿನ ಶಿಸ್ತು

ಇದು ಗೊತ್ತಿರೋದೇ, ಆದರೆ ಬಿಟ್ಟು ಬಂದವರ ಕೈ ಹಳೇ ವೇಗದಲ್ಲಿ ಓಡುತ್ತದೆ, ತಲೆ ಹಿಂದೆ ಉಳಿಯುತ್ತದೆ. ಹೊಡೆಯದಿರುವಾಗ ಬೋಲ್ಟ್ ತೆರೆದಿರಲಿ, ಚೇಂಬರಿನಲ್ಲಿ ಖಾಲಿ ಅಂತ ತೋರಿಸುವ ಫ್ಲ್ಯಾಗ್ ಇರಲಿ. "ಸ್ಟಾಪ್, ಸ್ಟಾಪ್, ಸ್ಟಾಪ್" ಅಂತ ಯಾರು ಕೂಗಿದರೂ ನಿಲ್ಲಿಸಿ, ನೀವೂ ಅಪಾಯ ಕಂಡರೆ ಕೂಗಬಹುದು. ಕಿವಿಗೆ ಒಳಗೆ ಪ್ಲಗ್, ಮೇಲೆ ಮಫ್, ಎರಡೂ. ವಯಸ್ಸಿನಲ್ಲಿ ಹೋದ ಕಿವಿ ವಾಪಸ್ ಬರಲ್ಲ.

ಬಟ್ಸ್‌ಗೆ, ಅಂದರೆ ಟಾರ್ಗೆಟ್ ಇಳಿಸಿ ಏರಿಸುವ ಕಂದಕಕ್ಕೆ, ನಿಮ್ಮ ಸರದಿ ಬಂದಾಗ ಗೊಣಗದೆ ಹೋಗಿ. ತಲೆ ಮೇಲೆ ಚಟೀರ್ ಅಂತ ಗುಂಡಿನ ಸದ್ದು, ತೂತಿಗೆ ಬಿಲ್ಲೆ ಸಿಕ್ಕಿಸಿ ಮೇಲೆ ತಳ್ಳೋದು. ಒಂದು ಗಂಟೆ ಅಲ್ಲಿ ನಿಂತರೆ ಒಳ್ಳೇ ಶೂಟರ್ ಗಾಳಿಯನ್ನು ಹೇಗೆ ಹಿಂಬಾಲಿಸುತ್ತಾನೆ ಅನ್ನೋದು ತೂತುಗಳ ಸಾಲಿನಲ್ಲೇ ಕಾಣುತ್ತದೆ.

ಸ್ಪರ್ಧೆ

ಮೊದಲ ವರ್ಷ ಕ್ಲಬ್ ಮ್ಯಾಚ್ ಸಾಕು. ಜುಲೈನಲ್ಲಿ ಇಂಪೀರಿಯಲ್ ಮೀಟಿಂಗ್ ಅನ್ನುವ ದೊಡ್ಡ ವಾರ್ಷಿಕ ಕೂಟ ನಡೆಯುತ್ತದೆ, 1890ರಿಂದ ಬಿಸ್ಲಿಯಲ್ಲೇ. ಮೊದಲ ಸಲ ನೋಡೋಕೆ ಹೋಗಿ. ಅಲ್ಲಿನ ಮುಖ್ಯ ಪಂದ್ಯವಾದ ಕಿಂಗ್ಸ್ ಪ್ರೈಜ್ ಫೈನಲ್ಲಿನಲ್ಲಿ 900ಕ್ಕೆ 15, 1,000ಕ್ಕೆ 15 ಗುಂಡು, ಗೆದ್ದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುತ್ತಾರೆ. 1930ರಲ್ಲಿ ಮಾರ್ಜರಿ ಫಾಸ್ಟರ್ ಅದನ್ನು ಗೆದ್ದ ಮೊದಲ ಮಹಿಳೆ. ಇಲ್ಲಿ ಹೆಂಗಸರು ಗಂಡಸರು ಬೇರೆ ಬೇರೆ ಅಲ್ಲ, ಒಂದೇ ಸಾಲು.

ನಮ್ಮವರಿಗೆ ಇನ್ನೊಂದು ಕುತೂಹಲ. ಅದೇ ಕೂಟದಲ್ಲಿ ಕೊಲಾಪುರ್ ಅಂತ ಒಂದು ತಂಡ ಪಂದ್ಯ ಇದೆ, 300, 500, 600 ಗಜಕ್ಕೆ, ದೇಶ ದೇಶದ ತಂಡಗಳು ಬರುತ್ತವೆ. ಹೆಸರು ಕೇಳಿ ನನಗೆ ಮೊದಲು ಅನುಮಾನ ಬಂತು. ಹೌದು, ನಮ್ಮ ಬೆಳಗಾವಿ ಪಕ್ಕದ ಕೊಲ್ಹಾಪುರವೇ! ಅಲ್ಲಿನ ರಾಜರು ಕೊಟ್ಟ ಕಪ್ಪು, 1871ರಿಂದ ನಡೆದುಕೊಂಡು ಬಂದಿದೆ. ಇಂಗ್ಲಿಷರ ಬಾಯಲ್ಲಿ ಒಂದು ಅಕ್ಷರ ಉದುರಿದೆ ಅಷ್ಟೇ. ಪಕ್ಕದವರಿಗೆ ಸರಿಯಾದ ಉಚ್ಚಾರ ಹೇಳಿಕೊಡೋಕೆ ಹೋದೆ, ಮೂರು ಸಲ ಆದಮೇಲೆ ಬಿಟ್ಟೆ.

ಹಿಂದಿನ ರಾತ್ರಿ ಚೀಲಕ್ಕೆ

ಕಾರ್ಡು, ಸರ್ಟಿಫಿಕೇಟ್, ಬೋಲ್ಟ್ (ಬೋಲ್ಟ್ ಮನೆಯಲ್ಲೇ ಬಿಟ್ಟು ಎಂಬತ್ತು ಮೈಲಿ ಓಡಿಸಿಕೊಂಡು ಬಂದವರನ್ನು ನೋಡಿದ್ದೀನಿ), ಕಿವಿಗೆ ಎರಡೂ ಜೊತೆ, ಪೆನ್ನು ಅಲ್ಲ ಪೆನ್ಸಿಲ್ ಎರಡು. ಪೆನ್ನು ಮಳೆಯಲ್ಲಿ ಬರೆಯಲ್ಲ. ಮ್ಯಾಟಿನ ಕೆಳಗೆ ಹಾಸೋಕೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ, ಯಾಕಂದರೆ ಸ್ಟಿಕಲ್‌ಡೌನ್‌ನ ಹುಲ್ಲು ಜುಲೈನಲ್ಲೂ ಬೆಳಿಗ್ಗೆ ಹತ್ತರವರೆಗೆ ಒದ್ದೆ ಇರುತ್ತದೆ, ಅದು ಮೊದಲು ಗೊತ್ತಾಗೋದು ಹೊಟ್ಟೆಗೆ. ಒಂದು ಡಬ್ಬಿ ಚಿತ್ರಾನ್ನ ಇಟ್ಟುಕೊಳ್ಳಿ. ಮೊದಲ ದಿನ ನನ್ನದು ಪಕ್ಕದ ಟಾರ್ಗೆಟ್ಟಿನ ಆ ಹೆಂಗಸಿಗೆ ಅರ್ಧ ಕೊಟ್ಟೆ. ಆಮೇಲೆ ಪ್ರತಿ ತಿಂಗಳೂ ಗಾಳಿ ಎಷ್ಟು ಅಂತ ಅವರೇ ಮೆಲ್ಲಗೆ ಹೇಳುತ್ತಾರೆ.